ಎಂಜಿನ್ನಿನ ಶಾಖವೂ ವರ್ತಕರ ಲೆಕ್ಕಪುಸ್ತಕವೂ

ಚಾಮರಾಜನಗರ ಜಿಲ್ಲೆಯ ವಾಣಿಜ್ಯವು ಬಹುಮಟ್ಟಿಗೆ ಚಕ್ರಗಳ ಮೇಲೆ ನಿಂತಿದೆ. ಹರವೆ ಹೋಬಳಿಯ ಅರಿಶಿನ ಮತ್ತು ಬಾಳೆ, ತೆರಕಣಾಂಬಿ ಹಾಗೂ ಗುಂಡ್ಲುಪೇಟೆ ಮಾರುಕಟ್ಟೆಗಳ ತರಕಾರಿ, ಚಾಮರಾಜನಗರ ಸುತ್ತಿನ ಕರಿಕಲ್ಲು, ಇವೆಲ್ಲವೂ ಹುಟ್ಟಿದ ಊರಿನಲ್ಲಿ ಪೂರ್ಣ ಬೆಲೆ ಪಡೆಯುವ ಸರಕುಗಳಲ್ಲ. ಗುಂಡ್ಲುಪೇಟೆಯಿಂದ ಒಂದು ಹೆದ್ದಾರಿ ವಯನಾಡನ್ನು ದಾಟಿ, ಒಂಬತ್ತು ಕಡಿದಾದ ತಿರುವುಗಳ ತಾಮರಶ್ಶೇರಿ ಘಾಟಿಯನ್ನಿಳಿದು ಕೋಳಿಕ್ಕೋಡಿಗೆ ಹೋಗುತ್ತದೆ. ಮತ್ತೊಂದು ಬಂಡೀಪುರದ ಮೂಲಕ ನೀಲಗಿರಿಯನ್ನೇರುತ್ತದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ ದಿಂಬಂ ಘಾಟಿಯ 27 ತಿರುವುಗಳಿವೆ. ಹೀಗೆ ಜಿಲ್ಲೆಯ ಸರಕು ಯಾವ ದಿಕ್ಕಿಗೆ ಹೊರಟರೂ ಹೋಗುವಾಗಲೋ ಬರುವಾಗಲೋ ಒಂದು ಏರನ್ನು ಹತ್ತಲೇಬೇಕು. ಏರು ಎಂದರೆ ಎಂಜಿನ್ನಿಗೆ ಶಾಖ.

ಈ ಶಾಖಕ್ಕೆ ವರ್ತಕರ ಲೆಕ್ಕಪುಸ್ತಕದಲ್ಲಿ ಪ್ರತ್ಯೇಕ ಖಾತೆಯಿಲ್ಲ. ಅದು 'ವಾಹನ ದುರಸ್ತಿ' ಎಂಬ ಶೀರ್ಷಿಕೆಯಡಿ ಒಮ್ಮೆಗೇ ದೊಡ್ಡ ಮೊತ್ತವಾಗಿಯೋ, 'ಇಂಧನ' ಎಂಬ ಶೀರ್ಷಿಕೆಯಡಿ ತಿಂಗಳು ತಿಂಗಳೂ ಸಣ್ಣ ಮೊತ್ತವಾಗಿಯೋ ಅಡಗಿ ಕುಳಿತಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಯಿತು, ಪಿಸ್ಟನ್ ಕರಗಿತು, ಎಂಜಿನ್ ಜಾಮ್ ಆಯಿತು ಎಂದು ಬರುವ ಸುದ್ದಿಯನ್ನು ವಾಹನದ ಮಾಲೀಕರು ದೈವದ ಆಟವೆಂಬಂತೆ ಸ್ವೀಕರಿಸುವುದು ರೂಢಿಯಾಗಿದೆ. ಆದರೆ ಇಂತಹ ಹಾನಿಗಳಲ್ಲಿ ಹೆಚ್ಚಿನವು ಲೋಹ, ನೀರು ಮತ್ತು ಇಂಧನಗಳ ಕುರಿತು ಮಾಡಿಕೊಂಡ ಸಣ್ಣ ತೀರ್ಮಾನಗಳ ಫಲ. ಆ ತೀರ್ಮಾನಗಳನ್ನು ತೆಗೆದುಕೊಳ್ಳುವವನು ಹಣ ಕೊಡುವ ಮಾಲೀಕನೇ ಆದ್ದರಿಂದ, ವಿಷಯವನ್ನು ಸಂಪೂರ್ಣವಾಗಿ ಮೆಕ್ಯಾನಿಕ್ಕಿನ ಪಾಲಿಗೆ ಬಿಟ್ಟುಬಿಡುವುದು ವ್ಯಾಪಾರ ಬುದ್ಧಿಗೆ ಒಪ್ಪುವಂಥದಲ್ಲ.

ದಹನಕೋಣೆಯೊಳಗೆ ನಡೆಯುವುದೇನು?

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತಿ ಹಿಡಿದ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ. ಜ್ವಾಲೆ ಪ್ಲಗ್ಗಿನ ಬಳಿಯಿಂದ ಹೊರಟು ಕೋಣೆಯ ಅಂಚಿನವರೆಗೆ ಕ್ರಮವಾಗಿ ಹರಡಬೇಕು. ಹೀಗೆ ಹರಡುವಾಗ ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಮಿಶ್ರಣ ಮತ್ತಷ್ಟು ಒತ್ತಡಕ್ಕೂ ಶಾಖಕ್ಕೂ ಒಳಗಾಗುತ್ತದೆ. ಆ ಮಿಶ್ರಣವು ಜ್ವಾಲೆ ತನ್ನನ್ನು ತಲುಪುವ ಮುನ್ನವೇ ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ ಅದೇ ಡಿಟೋನೇಶನ್, ಅಂದರೆ ಆಸ್ಫೋಟನ. ಗ್ಯಾರೇಜುಗಳಲ್ಲಿ ಇದಕ್ಕೆ ನಾಕಿಂಗ್ ಎಂದು ಹೆಸರು. ಏರಿನಲ್ಲಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದಾಗ ಕೇಳಿಬರುವ ಲೋಹದ ಟಣಟಣ ಸದ್ದು ಇದರದೇ.

ಇದರ ಹತ್ತಿರದ ಬಂಧುವಾದ ಇನ್ನೊಂದು ದೋಷವೂ ಉಂಟು. ಕಾದು ಕೆಂಪಾದ ಪ್ಲಗ್ಗಿನ ತುದಿಯೋ, ಮಸಿಯ ತುಣುಕೋ, ಎಕ್ಸಾಸ್ಟ್ ವಾಲ್ವಿನ ಅಂಚೋ ಕಿಡಿಗಿಂತ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚಿದರೆ ಅದು ಅಕಾಲ ದಹನ. ಆಸ್ಫೋಟನವು ಕಿಡಿಯ ನಂತರದ್ದು, ಅಕಾಲ ದಹನ ಕಿಡಿಗೆ ಮುಂಚಿನದು. ಒಂದು ಇನ್ನೊಂದನ್ನು ಹುಟ್ಟಿಸುತ್ತದೆಯಾದ್ದರಿಂದ ಎರಡೂ ಸೇರಿದಾಗ ಎಂಜಿನ್ ಕೆಲವೇ ನಿಮಿಷಗಳಲ್ಲಿ ನಾಶವಾಗಬಲ್ಲುದು.

ದಹನದ ವೇಳೆ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್‌ಗೂ ಮೀರುತ್ತದೆ. ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಅದರ ಮಿಶ್ರಲೋಹಗಳು ಇನ್ನೂ ಮೊದಲೇ ಮೆತ್ತಗಾಗುತ್ತವೆ. ಹಾಗಿದ್ದರೂ ಪಿಸ್ಟನ್ ಉಳಿಯುವುದಕ್ಕೆ ಎರಡು ಕಾರಣಗಳಿವೆ. ಲೋಹದ ಮೈಗೆ ಅಂಟಿಕೊಂಡು ನಿಂತ ಅನಿಲದ ತೆಳುಪದರ ಹೊದಿಕೆಯಂತೆ ಕಾಪಾಡುವುದು ಒಂದು. ಲೋಹಕ್ಕೆ ತಗುಲಿದ ಶಾಖವನ್ನು ರಿಂಗು, ಸಿಲಿಂಡರ್ ಗೋಡೆ, ಎಣ್ಣೆ ಮತ್ತು ನೀರು ಕೂಡಲೇ ಸಾಗಿಸಿಬಿಡುವುದು ಇನ್ನೊಂದು. ಆಸ್ಫೋಟನದ ಒತ್ತಡದ ಅಲೆಗಳು ಮೊದಲನೆಯ ರಕ್ಷಣೆಯನ್ನೇ ಕಿತ್ತುಹಾಕುತ್ತವೆ. ಹೊದಿಕೆ ಹರಿದ ಮೇಲೆ ಶಾಖ ನೇರವಾಗಿ ಲೋಹಕ್ಕೆ ನುಗ್ಗುತ್ತದೆ, ಕಾದ ಲೋಹ ಮುಂದಿನ ಸುತ್ತಿನ ಮಿಶ್ರಣವನ್ನು ಮತ್ತಷ್ಟು ಕಾಯಿಸುತ್ತದೆ, ಆಸ್ಫೋಟನ ಇನ್ನೂ ಬಲಗೊಳ್ಳುತ್ತದೆ. ಬಡ್ಡಿಗೆ ಬಡ್ಡಿ ಬೆಳೆಯುವ ಈ ಕ್ರಮವನ್ನು ವ್ಯಾಪಾರಸ್ಥರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಲೋಹದ ಆಯ್ಕೆ ಮತ್ತು ಅದರ ಬೆಲೆ

ಎಂಜಿನ್ ತಯಾರಿಕೆಯ ಇತಿಹಾಸವನ್ನು ಶಾಖವನ್ನು ಬೇಗ ಸಾಗಿಸುವ ಪ್ರಯತ್ನಗಳ ಇತಿಹಾಸವೆಂದೂ ಓದಬಹುದು. ಬೀಡು ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಮಿಶ್ರಲೋಹ ಸರಿಸುಮಾರು ಮೂರು ಪಟ್ಟು ವೇಗದಲ್ಲಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ನಿನಲ್ಲಿ ದಹನಕೋಣೆಯ ಗೋಡೆ ತಂಪಾಗಿದ್ದು, ಅದೇ ಪೆಟ್ರೋಲಿನಲ್ಲಿ ಸ್ವಲ್ಪ ಹೆಚ್ಚಿನ ಕಂಪ್ರೆಷನ್ ಅನುಪಾತ ಸಾಧ್ಯವಾಗುತ್ತದೆ. ಕಂಪ್ರೆಷನ್ ಹೆಚ್ಚಿದರೆ ಅದೇ ಲೀಟರ್ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಎರಡನೆಯ ಮಹಾಯುದ್ಧದ ವಿಮಾನ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಟೊಳ್ಳು ಕಾಂಡದೊಳಗೆ ಸೋಡಿಯಂ ತುಂಬಿ, ಅದು ಕರಗಿ ಮೇಲೆ ಕೆಳಗೆ ಚಿಮ್ಮುತ್ತ ಶಾಖವನ್ನು ಹೊರಗೆಳೆಯುವಂತೆ ಮಾಡಿದ್ದೂ, 100 ಆಕ್ಟೇನ್ ಪೆಟ್ರೋಲ್ ಬಳಸಿದ್ದೂ ಇದೇ ಉದ್ದೇಶದಿಂದ. 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳನ್ನೂ ಅವುಗಳ ಎಂಜಿನ್ನುಗಳನ್ನೂ ದುರಸ್ತಿ ಮಾಡಿಕೊಟ್ಟಾಗ ಈ ವಿದ್ಯೆ ಕನ್ನಡ ನಾಡಿನ ಕೆಲಸಗಾರರ ಕೈಗೂ ಬಂದಿತು.

ಹಳೆಯ ಮೈಸೂರು ಸೀಮೆಯ ಓದುಗರಿಗೆ ಹೆಚ್ಚು ಪರಿಚಿತವಾದ ಉದಾಹರಣೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. 1960ರ ದಶಕದ ಆರಂಭದಿಂದ 1996ರವರೆಗೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳದು ಗಾಳಿಯಿಂದ ತಂಪಾಗುವ ಟೂ-ಸ್ಟ್ರೋಕ್ ಎಂಜಿನ್. ಸಿಲಿಂಡರಿನ ಮೇಲೆ ಕಾಣುವ ರೆಕ್ಕೆಯಂಥ ಅಂಚುಗಳು ಅಲಂಕಾರಕ್ಕಾಗಿ ಇದ್ದವಲ್ಲ. ಶಾಖವನ್ನು ಗಾಳಿಗೆ ಒಪ್ಪಿಸುವ ವಿಸ್ತಾರವನ್ನು ಅವು ಹೆಚ್ಚಿಸುತ್ತಿದ್ದವು. ಆ ಅಂಚುಗಳ ನಡುವೆ ಕೆಸರು ಮತ್ತು ಎಣ್ಣೆಜಿಡ್ಡು ಗಟ್ಟಿಯಾಗಿ ಕುಳಿತ ಬೈಕು ಏರಿನಲ್ಲಿ ಜಾಮ್ ಆಗುತ್ತಿತ್ತು, ಉಜ್ಜಿ ತೊಳೆದ ಬೈಕು ದಾಟಿಹೋಗುತ್ತಿತ್ತು. ಶಾಖ ಹೊರಹೋಗುವ ದಾರಿಯನ್ನು ತೆರೆದಿಡುವುದಕ್ಕೆ ಎಷ್ಟೋ ವೇಳೆ ಒಂದು ಬ್ರಷ್ಷೂ ಅರ್ಧ ಗಂಟೆಯೂ ಸಾಕು ಎಂಬ ಪಾಠ ಇಂದಿನ ರೇಡಿಯೇಟರುಗಳಿಗೂ ಅನ್ವಯಿಸುತ್ತದೆ.

ಅಲ್ಯೂಮಿನಿಯಮ್ಮಿಗೂ ತನ್ನದೇ ದೌರ್ಬಲ್ಯವಿದೆ. ಕಾದಾಗ ಅದು ಬೀಡು ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿನ ಮೇಲೆ ಬೋಲ್ಟುಗಳಿಂದ ಬಿಗಿದ ಅಲ್ಯೂಮಿನಿಯಂ ಹೆಡ್ ಮಿತಿಮೀರಿ ಕಾದಾಗ ಬಾಗುವುದು ಈ ಕಾರಣದಿಂದಲೇ. ಪಿಸ್ಟನ್ನಿನ ಮಿಶ್ರಲೋಹಕ್ಕೆ ಸುಮಾರು 12 ಶೇಕಡಾ ಸಿಲಿಕಾನ್ ಬೆರೆಸುವುದು ಇಂಥ ಹಿಗ್ಗುವಿಕೆಯನ್ನು ತಗ್ಗಿಸುವುದಕ್ಕಾಗಿ. ಒಳ್ಳೆಯ ಪಿಸ್ಟನ್ನಿಗೂ ಅಗ್ಗದ ಅನುಕರಣೆಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿರುವುದಿಲ್ಲ. ವ್ಯತ್ಯಾಸವಿರುವುದು ಮಿಶ್ರಲೋಹದ ಪಾಕದಲ್ಲಿ ಮತ್ತು ಶಾಖ ಸಂಸ್ಕಾರದಲ್ಲಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 28ರಿಂದ 18 ಶೇಕಡಾಕ್ಕೆ ಇಳಿದಿರುವುದರಿಂದ, ಬಿಲ್ಲಿಲ್ಲದ ಅನಾಮಿಕ ಮಾಲನ್ನು ಕೊಳ್ಳುವುದಕ್ಕೆ ಮೊದಲಿದ್ದ ನೆಪವೂ ಬಹುಮಟ್ಟಿಗೆ ಕಡಿಮೆಯಾಗಿದೆ.

ಇಲ್ಲಿ ಎಂಜಿನ್ ರಿಕಂಡೀಷನಿಂಗ್ ಕೆಲಸ ಮಾಡುವ ಸಣ್ಣ ಘಟಕಗಳು ಗಮನಿಸಬೇಕಾದ ಒಂದು ಅಂಶವಿದೆ. ಬಾಗಿದ ಹೆಡ್ಡನ್ನು ಲೋಹ ತೆಗೆದು ಸಮತಟ್ಟು ಮಾಡಿದಾಗ ದಹನಕೋಣೆಯ ಘನಗಾತ್ರ ಕಡಿಮೆಯಾಗಿ ಕಂಪ್ರೆಷನ್ ಅನುಪಾತ ಏರುತ್ತದೆ. ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಹಾಕದಿದ್ದರೆ ದುರಸ್ತಿಯಾದ ಪೆಟ್ರೋಲ್ ಎಂಜಿನ್ ಮೊದಲಿಗಿಂತ ಸುಲಭವಾಗಿ ಆಸ್ಫೋಟನಕ್ಕೆ ಗುರಿಯಾಗುತ್ತದೆ. ಗ್ರಾಹಕನಿಗೆ ತಿಳಿಯುವುದು ಎಂಜಿನ್ ಮತ್ತೆ ಕಾಯುತ್ತಿದೆ ಎಂಬುದಷ್ಟೇ. ಎರಡನೆಯ ಬಾರಿ, ಮೂರನೆಯ ಬಾರಿ ಅದೇ ಹೆಡ್ಡನ್ನು ಉಜ್ಜಿಸಿದ ಮೇಲೆ ಉಳಿಯುವುದು ಗುಜರಿ ಬೆಲೆ. ತೆಗೆದ ಲೋಹದ ಪ್ರಮಾಣ, ಉಳಿದ ದಪ್ಪ ಮತ್ತು ಹಾಕಿದ ಗ್ಯಾಸ್ಕೆಟ್ಟಿನ ಅಳತೆ, ಈ ಮೂರನ್ನು ಬಿಲ್ಲಿನ ಮೇಲೆ ಬರೆದುಕೊಡುವ ಪದ್ಧತಿಯನ್ನು ಜಿಲ್ಲೆಯ ಘಟಕಗಳು ತಾವಾಗಿ ಆರಂಭಿಸಿದರೆ ಅವುಗಳ ಮೇಲಿನ ವಿಶ್ವಾಸ ವೃದ್ಧಿಯಾಗುವುದರಲ್ಲಿ ಸಂದೇಹವಿಲ್ಲ.

ಸ್ಪಾರ್ಕ್ ಪ್ಲಗ್ಗಿನ ವಿಷಯವೂ ಹೀಗೆಯೇ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪನಿಯ ಕಾಲದಿಂದ ಪ್ಲಗ್ ನಾಡಿನ ಅಂಗಡಿಗಳಿಗೆ ಪರಿಚಿತ ವಸ್ತು. ಆದರೆ ಪ್ರತಿ ಪ್ಲಗ್ಗಿಗೂ ಒಂದು ಶಾಖ ಶ್ರೇಣಿಯಿದೆ. ಎಂಜಿನ್ನಿಗೆ ಬೇಕಾದುದಕ್ಕಿಂತ ಬಿಸಿ ಶ್ರೇಣಿಯ ಪ್ಲಗ್ ಹಾಕಿದರೆ ಅದರ ತುದಿಯೇ ಕಾದು ಅಕಾಲ ದಹನಕ್ಕೆ ಕಿಡಿಯಾಗುತ್ತದೆ. 'ಚೂಡಿ ಕೂತರೆ ಸಾಕು' ಎಂದು ಪ್ಲಗ್ ಮಾರುವ ಅಂಗಡಿಯು ಗ್ರಾಹಕನ ಪಿಸ್ಟನ್ನನ್ನೇ ಪಣಕ್ಕಿಟ್ಟಂತಾಗುತ್ತದೆ.

ನೀರಿನ ಗುಣ, ಘಾಟಿಯ ಗುಣ

ಇಂಧನದಿಂದ ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಚಕ್ರಕ್ಕೆ ಸೇರುತ್ತದೆ, ಒಂದು ಪಾಲು ಹೊಗೆಯೊಡನೆ ಹೋಗುತ್ತದೆ, ಉಳಿದ ಪಾಲನ್ನು ತಂಪುಗೊಳಿಸುವ ವ್ಯವಸ್ಥೆ ಹೊರಬೇಕು. ಅಂದರೆ ರೇಡಿಯೇಟರಿನ ಹೊಣೆ ಕ್ರ್ಯಾಂಕ್ ಶಾಫ್ಟಿನ ಹೊಣೆಗೆ ಸರಿಸಮನಾದುದು. ಇಷ್ಟು ಹೊಣೆ ಹೊತ್ತ ಅಂಗಕ್ಕೆ ಚಾಲಕರು ರಸ್ತೆಬದಿಯ ಕೊಳವೆಬಾವಿಯ ನೀರನ್ನು ತುಂಬುತ್ತಾರೆ.

ಗಟ್ಟಿ ಬಂಡೆಯ ನೆಲದಿಂದ ಬರುವ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಮನೆಯ ಹಂಡೆಯೊಳಗೆ ಬಿಳಿಯ ಪೊರೆ ಕಟ್ಟುವಂತೆ ಎಂಜಿನ್ನಿನ ನೀರಿನ ದಾರಿಯಲ್ಲೂ, ಅದರಲ್ಲೂ ಎಕ್ಸಾಸ್ಟ್ ವಾಲ್ವಿನ ಸುತ್ತ ಅತಿ ಹೆಚ್ಚು ಕಾಯುವ ಭಾಗದಲ್ಲೇ, ಅವು ಪೊರೆಯಾಗಿ ಕೂರುತ್ತವೆ. ಒಂದು ಮಿಲಿಮೀಟರ್ ದಪ್ಪದ ಈ ಪೊರೆ ಶಾಖವನ್ನು ತಡೆಯುವುದರಲ್ಲಿ ಎರಡು ಸೆಂಟಿಮೀಟರಿಗೂ ದಪ್ಪವಾದ ಬೀಡು ಕಬ್ಬಿಣಕ್ಕೆ ಸಮ. ಮುಂಭಾಗದ ಮಾಪಕದ ಮುಳ್ಳು ನೀರಿನ ಉಷ್ಣತೆಯನ್ನು ತೋರಿಸುತ್ತದೆಯೇ ಹೊರತು ಪೊರೆಯ ಹಿಂದೆ ಬೇಯುತ್ತಿರುವ ಲೋಹದ ಉಷ್ಣತೆಯನ್ನಲ್ಲ. ಹೀಗಾಗಿ ಮುಳ್ಳು ನಡುವಿನಲ್ಲೇ ಇದ್ದರೂ ಆಸ್ಫೋಟನ ಆರಂಭವಾಗಿರಬಹುದು.

ಎತ್ತರದ ಪ್ರಶ್ನೆಯೂ ಇದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಯಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೂ, 2,200 ಮೀಟರಿಗೂ ಎತ್ತರದ ಊಟಿಯಲ್ಲಿ 93 ಡಿಗ್ರಿಯ ಆಸುಪಾಸಿನಲ್ಲೂ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಒಳಗಿನ ಒತ್ತಡವನ್ನು ಸುಮಾರು ಒಂದು ವಾಯುಭಾರದಷ್ಟು ಹೆಚ್ಚಿಸಿ, ಕುದಿಯುವ ಬಿಂದುವನ್ನು 120 ಡಿಗ್ರಿಯ ಸಮೀಪಕ್ಕೆ ಒಯ್ಯುತ್ತದೆ. ಕೆಲವು ನೂರು ರೂಪಾಯಿಯ ಆ ಮುಚ್ಚಳದ ರಬ್ಬರು ಬಿರುಕುಬಿಟ್ಟರೆ ಈ ರಕ್ಷಣೆಯೆಲ್ಲವೂ ಹೋಗುತ್ತದೆ. ನೀರಿಗೆ ಸಮಭಾಗ ಗ್ಲೈಕಾಲ್ ಕೂಲೆಂಟ್ ಬೆರೆಸಿದರೆ ಕುದಿಯುವ ಬಿಂದು ಇನ್ನಷ್ಟು ಏರುವುದಲ್ಲದೆ, ತುಕ್ಕು ತಡೆಯುವ ರಾಸಾಯನಿಕಗಳ ಪ್ರಯೋಜನವೂ ದೊರೆಯುತ್ತದೆ. ಗ್ಲೈಕಾಲ್ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆಯೂ ತಪ್ಪು. ಶಾಖ ಹೊರುವ ಸಾಮರ್ಥ್ಯದಲ್ಲಿ ನೀರಿಗೆ ಸಾಟಿಯಿಲ್ಲ. ಆದ್ದರಿಂದ ತಯಾರಕರು ಹೇಳಿದ ಪ್ರಮಾಣವನ್ನೇ, ಖನಿಜ ತೆಗೆದ ಶುದ್ಧ ನೀರಿನೊಡನೆ ಬಳಸಬೇಕು.

ಈ ಜಿಲ್ಲೆಗೇ ವಿಶಿಷ್ಟವಾದ ಮತ್ತೊಂದು ಸನ್ನಿವೇಶವನ್ನು ಗಮನಿಸಬೇಕು. 2009ರಿಂದ ಬಂಡೀಪುರದ ಅರಣ್ಯ ಮಾರ್ಗದಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವನ್ಯಜೀವಿಗಳ ದೃಷ್ಟಿಯಿಂದ ಈ ನಿರ್ಬಂಧದ ಔಚಿತ್ಯ ಬೇರೆಯೇ ಚರ್ಚೆ. ಎಂಜಿನ್ನಿನ ದೃಷ್ಟಿಯಿಂದ ಹೇಳುವುದಾದರೆ, ಒಂಬತ್ತರೊಳಗೆ ಗೇಟು ದಾಟಲೆಂದು ತುಂಬಿದ ವಾಹನವನ್ನು ಓಡಿಸಿಕೊಂಡು ಬಂದು, ಗೇಟು ಮುಚ್ಚಿದ್ದು ಕಂಡೊಡನೆ ಎಂಜಿನ್ ನಿಲ್ಲಿಸಿಬಿಡುವುದು ಹಾನಿಕರ. ಎಂಜಿನ್ ನಿಂತೊಡನೆ ನೀರಿನ ಪಂಪೂ ನಿಲ್ಲುತ್ತದೆ. ಕಾದ ಲೋಹದ ಶಾಖ ಚಲನೆಯಿಲ್ಲದ ನೀರಿಗಿಳಿದು ಅಲ್ಲಲ್ಲೇ ಕುದಿಯುತ್ತದೆ, ಮುಚ್ಚಳದಿಂದ ನೀರು ಹೊರಚೆಲ್ಲುತ್ತದೆ. ಬೆಳಗಿನ ಆರಕ್ಕೆ ಗೇಟು ತೆರೆದಾಗ ಮಟ್ಟ ನೋಡದೆ ಹೊರಟ ವಾಹನ ಕಡಿಮೆ ನೀರಿನಲ್ಲೇ ಏರು ಹತ್ತಬೇಕಾಗುತ್ತದೆ. ಎರಡು ಮೂರು ನಿಮಿಷ ಎಂಜಿನ್ನನ್ನು ನಿಧಾನಗತಿಯಲ್ಲಿ ಓಡಲು ಬಿಡುವುದು ಮತ್ತು ಬೆಳಿಗ್ಗೆ ನೀರಿನ ಮಟ್ಟ ನೋಡುವುದು, ಇವೆರಡಕ್ಕೂ ಯಾವ ಖರ್ಚೂ ಇಲ್ಲ.

ಡೀಸೆಲ್ಲಿಗೆ ಬೇರೆಯ ನ್ಯಾಯ

ಗ್ಯಾರೇಜುಗಳಲ್ಲಿ ಪ್ರಚಲಿತವಿರುವ ಒಂದು ಪರಿಹಾರವೆಂದರೆ ಎಂಜಿನ್ ಕಾಯುತ್ತದೆಂದು ಥರ್ಮೋಸ್ಟ್ಯಾಟನ್ನು ಕಿತ್ತೆಸೆಯುವುದು. ಡೀಸೆಲ್ ವಾಹನಗಳ ವಿಷಯದಲ್ಲಿ ಇದರ ಪರಿಣಾಮ ಉದ್ದೇಶಕ್ಕೆ ವಿರುದ್ಧವಾಗಿರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಲ್ಲ. ಒತ್ತಿ ಕಾಯಿಸಿದ ಗಾಳಿಗೆ ಸಿಂಪಡಿಸಿದ ಇಂಧನ ತಾನಾಗಿಯೇ ಹೊತ್ತಿಕೊಳ್ಳಬೇಕು. ಸಿಂಪಡಣೆಗೂ ಹೊತ್ತಿಕೊಳ್ಳುವುದಕ್ಕೂ ನಡುವೆ ವಿಳಂಬವಾದಷ್ಟೂ ಹೆಚ್ಚು ಇಂಧನ ಶೇಖರವಾಗಿ ಒಮ್ಮೆಗೇ ಉರಿಯುತ್ತದೆ. ಡೀಸೆಲ್ಲಿನ ನಾಕಿಂಗ್ ಎಂಬುದು ಇದೇ. ಪೆಟ್ರೋಲಿನಲ್ಲಿ ಅತಿ ಶಾಖದಿಂದ ನಾಕಿಂಗ್ ಹುಟ್ಟಿದರೆ ಡೀಸೆಲ್ಲಿನಲ್ಲಿ ಅತಿ ತಂಪಿನಿಂದಲೂ ಹುಟ್ಟುತ್ತದೆ. ಪೆಟ್ರೋಲಿಗೆ ತಾನಾಗಿ ಹೊತ್ತಿಕೊಳ್ಳದಿರುವ ಗುಣವನ್ನು ಅಳೆಯುವ ಆಕ್ಟೇನ್ ಅಂಕಿಯೂ, ಡೀಸೆಲ್ಲಿಗೆ ಬೇಗ ಹೊತ್ತಿಕೊಳ್ಳುವ ಗುಣವನ್ನು ಅಳೆಯುವ ಸೀಟೇನ್ ಅಂಕಿಯೂ ಬಂದಿರುವುದು ಇದರಿಂದಲೇ.

ಥರ್ಮೋಸ್ಟ್ಯಾಟ್ ಇಲ್ಲದ ಡೀಸೆಲ್ ಎಂಜಿನ್ ಬೇಗ ಬಿಸಿಯೇರದೆ ಇಂಧನ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಗೋಡೆ ಬೇಗ ಸವೆಯುತ್ತದೆ. ನೀರು ನೇರವಾಗಿ ತಗಲುವ ಲೈನರುಗಳಿರುವ ಲಾರಿ ಎಂಜಿನ್ನುಗಳಿಗೆ ಇನ್ನೊಂದು ಅಪಾಯವೂ ಇದೆ. ದಹನದ ಹೊಡೆತಕ್ಕೆ ಲೈನರ್ ಅದುರಿದಾಗ ನೀರಿನಲ್ಲಿ ಸಣ್ಣ ಗುಳ್ಳೆಗಳುಂಟಾಗಿ ಒಡೆಯುತ್ತವೆ. ಕೋಟ್ಯಂತರ ಬಾರಿ ನಡೆಯುವ ಈ ಒಡೆತ ಕಬ್ಬಿಣವನ್ನು ಹೊರಗಿನಿಂದ ಕೊರೆದು ತೂತು ಮಾಡಬಲ್ಲುದು. ಸೂಕ್ತ ಕೂಲೆಂಟಿನಲ್ಲಿರುವ ರಾಸಾಯನಿಕಗಳು ಲೈನರಿನ ಮೇಲೆ ರಕ್ಷಣೆಯ ತೆಳುಪದರ ಕಟ್ಟುತ್ತವೆ. ಬರಿಯ ಬಾವಿನೀರಿಗೆ ಆ ಗುಣವಿಲ್ಲ. 2005ರಲ್ಲಿ ಟಾಟಾ ಏಸ್ ಬಂದ ನಂತರ ಗ್ರಾಮೀಣ ಸರಕು ಸಾಗಣೆಯ ರೀತಿಯೇ ಬದಲಾಯಿತು. ಎತ್ತಿನ ಗಾಡಿ ಮತ್ತು ಲಾರಿಗಳ ನಡುವಿನ ಜಾಗವನ್ನು ನೀರಿನಿಂದ ತಂಪಾಗುವ ಸಣ್ಣ ಎಂಜಿನ್ನುಗಳು ತುಂಬಿದವು. ಆದರೆ ಆರೈಕೆಯ ಅಭ್ಯಾಸಗಳು ಹಳೆಯ ಕಾಲದಲ್ಲೇ ಉಳಿದುವು ಎಂಬುದು ವಿಷಾದದ ಸಂಗತಿ.

ಎಥನಾಲ್ ಪೆಟ್ರೋಲಿನ ಮೇಲಿನ ಆರೋಪ

ಇತ್ತೀಚಿನ ವರ್ಷಗಳಲ್ಲಿ ಎಂಜಿನ್ ಕಾದರೆ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲನ್ನು ದೂರುವುದು ವಾಡಿಕೆಯಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟನೆಗೊಂಡ ಈ ಇಂಧನ 2025ರ ಹೊತ್ತಿಗೆ ದೇಶದಲ್ಲೆಲ್ಲ ಸಾಮಾನ್ಯವಾಯಿತು. ಈ ದೂರಿನಲ್ಲಿ ನ್ಯಾಯವಾದ ಭಾಗವನ್ನೂ ಅಲ್ಲದ ಭಾಗವನ್ನೂ ಬೇರ್ಪಡಿಸಿ ನೋಡುವುದು ಅಗತ್ಯ.

ಆಸ್ಫೋಟನದ ಮಟ್ಟಿಗೆ ಎಥನಾಲ್ ನಿರಪರಾಧಿ. ಅದರ ಆಕ್ಟೇನ್ ಅಂಕಿ ಪೆಟ್ರೋಲಿಗಿಂತ ಬಹಳ ಹೆಚ್ಚು. ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಕ್ಕು ಶಾಖವನ್ನು ಹೀರಿಕೊಂಡು ಮಿಶ್ರಣವನ್ನು ತಂಪಾಗಿಸುತ್ತದೆ. ಆದರೆ ಅದರಲ್ಲಿ ಆಮ್ಲಜನಕವೂ ಇರುವುದರಿಂದ, ಕಾರ್ಬ್ಯುರೇಟರ್ ಇರುವ ಹಳೆಯ ವಾಹನಗಳಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ನಿನ ಬಿಸಿ ಏರಬಹುದು. ಅಂಥ ವಾಹನಗಳಲ್ಲಿ ಜೆಟ್ ಹೊಂದಿಸುವುದು, ಎಥನಾಲ್ ತಾಳದ ರಬ್ಬರ್ ಕೊಳವೆಗಳನ್ನು ಬದಲಿಸುವುದು ಅವಶ್ಯ. ಹೊಸ ವಾಹನಗಳಲ್ಲಿ ಸೆನ್ಸರುಗಳು ಇದನ್ನು ಸರಿದೂಗಿಸುತ್ತವೆ.

ಮೈಲೇಜಿನ ದೂರು ಮಾತ್ರ ನ್ಯಾಯವಾದುದು. ಒಂದು ಕಿಲೋ ಎಥನಾಲಿನಲ್ಲಿರುವ ಶಾಖಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗಕ್ಕೂ ಕಡಿಮೆ. ಎಥನಾಲಿಲ್ಲದ ಪೆಟ್ರೋಲಿಗೆಂದು ವಿನ್ಯಾಸಗೊಂಡ ನಾಲ್ಕು ಚಕ್ರದ ವಾಹನಗಳಲ್ಲಿ 6ರಿಂದ 7 ಶೇಕಡಾ, ದ್ವಿಚಕ್ರ ವಾಹನಗಳಲ್ಲಿ 3ರಿಂದ 4 ಶೇಕಡಾ ಇಂಧನ ದಕ್ಷತೆ ಇಳಿಯುವುದೆಂದು ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ತಜ್ಞರ ವರದಿಯೇ ಅಂದಾಜಿಸಿತ್ತು. ಈ ನಷ್ಟವನ್ನು ತುಂಬಲು ತೆರಿಗೆ ರಿಯಾಯಿತಿಯನ್ನು ಪರಿಗಣಿಸಬಹುದೆಂದೂ ಅದೇ ವರದಿಯಲ್ಲಿದೆ. ವಾಣಿಜ್ಯ ಸಂಸ್ಥೆಗಳು ಹೋರಾಡಬೇಕಾದುದು ಈ ಅಂಶದ ಮೇಲೆ. 'ಎಥನಾಲಿನಿಂದ ಎಂಜಿನ್ ಸುಟ್ಟಿತು' ಎಂಬ ವಾದವನ್ನು ಮುಂದಿಟ್ಟರೆ ಮೂಲ ಬೇಡಿಕೆಯ ಬಲವೂ ಕುಂದುತ್ತದೆ, ಬಾವಿನೀರು ಮತ್ತು ಹಳೆಯ ಮುಚ್ಚಳಗಳ ಹೊಣೆಯೂ ಮರೆಯಾಗುತ್ತದೆ.

ಲೆಕ್ಕ ಹೇಳುವುದೇನು?

ಉದಾಹರಣೆಗೆ, ಸಣ್ಣ ಸರಕು ವಾಹನವೊಂದರ ಹೆಡ್ ಬಾಗಿ ದುರಸ್ತಿಗೆ 45,000 ರೂಪಾಯಿ ಖರ್ಚಾಯಿತೆಂದೂ, ವಾಹನ 8 ದಿನ ನಿಂತು ದಿನಕ್ಕೆ 2,500 ರೂಪಾಯಿ ಬಾಡಿಗೆ ತಪ್ಪಿತೆಂದೂ ಇಟ್ಟುಕೊಳ್ಳಬಹುದು. ಒಟ್ಟು ಹಾನಿ 65,000 ರೂಪಾಯಿ. ಕೂಲೆಂಟ್ ಬದಲಾವಣೆ, ರೇಡಿಯೇಟರ್ ಶುದ್ಧಿ, ಮುಚ್ಚಳ, ಥರ್ಮೋಸ್ಟ್ಯಾಟ್ ಇವೆಲ್ಲಕ್ಕೆ ಎರಡು ವರ್ಷಕ್ಕೊಮ್ಮೆ 6,000 ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ 3,000 ರೂಪಾಯಿ. ಈ ಆರೈಕೆ 21 ವರ್ಷಗಳಿಗೊಮ್ಮೆ ಒಂದೇ ಒಂದು ಅವಘಡವನ್ನು ತಪ್ಪಿಸಿದರೂ ಹಾಕಿದ ಹಣ ಹಿಂದಿರುಗುತ್ತದೆ. ಮಾಲೀಕನು ಬಾಡಿಗೆಯ ಬದಲು ಸ್ವಂತ ತರಕಾರಿಯನ್ನೇ ಸಾಗಿಸುತ್ತಿದ್ದರೆ, ದಾರಿಯಲ್ಲಿ ಬಾಡಿದ ಬೀನ್ಸು ಟೊಮೆಟೊಗಳ ಬೆಲೆಯನ್ನೂ ಸೇರಿಸಿಕೊಳ್ಳಬೇಕು.

ಹೊಸ ಪೆಟ್ರೋಲ್ ವಾಹನಗಳಲ್ಲಿ ನಷ್ಟ ಸದ್ದಿಲ್ಲದೆ ಬರುತ್ತದೆ. ಆಸ್ಫೋಟನದ ಸುಳಿವು ಸಿಕ್ಕೊಡನೆ ಸೆನ್ಸರ್ ಮೂಲಕ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಮತ್ತು ಮೈಲೇಜು ಇಳಿಯುತ್ತವೆ. ತಿಂಗಳಿಗೆ 30,000 ರೂಪಾಯಿಯ ಪೆಟ್ರೋಲ್ ಬಳಸುವ ವಾಹನದಲ್ಲಿ ಈ ಕಾರಣಕ್ಕೆ 3 ಶೇಕಡಾ ಹೆಚ್ಚು ಖರ್ಚಾದರೆ ವರ್ಷಕ್ಕೆ 10,800 ರೂಪಾಯಿ. ಹಾಗೆಂದು ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕುವುದು ಪರಿಹಾರವಲ್ಲ. ತಯಾರಕರು ಅದನ್ನು ಕೇಳಿಲ್ಲದಿದ್ದರೆ, ಎಂಜಿನ್ ಸ್ವಸ್ಥವಾಗಿದ್ದರೆ, ಹೆಚ್ಚಿನ ಆಕ್ಟೇನ್ ಅಂಕಿಯಿಂದ ಗಣನೀಯ ಲಾಭವಿಲ್ಲ.

ಆದಾಯ ತೆರಿಗೆಯ ಒಂದು ಅಂಶವನ್ನು ಸಣ್ಣ ಮಾಲೀಕರು ಬಹುಶಃ ಯೋಚಿಸಿರುವುದಿಲ್ಲ. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದವರು, 1961ರ ಕಾಯಿದೆಯ 44ಎಇ ವಿಧಿಯೆಂದು ಪರಿಚಿತವಾದ ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಳ್ಳುವುದುಂಟು. ಭಾರಿ ವಾಹನಗಳನ್ನು ಬಿಟ್ಟು ಉಳಿದವುಗಳಿಗೆ ಅದರಂತೆ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ, ವರ್ಷಕ್ಕೆ 90,000 ರೂಪಾಯಿ ಆದಾಯವೆಂದು ಪರಿಗಣಿತವಾಗುತ್ತದೆ. ದುರಸ್ತಿ, ಸವಕಳಿ ಮೊದಲಾದ ಎಲ್ಲ ಖರ್ಚೂ ಅದರಲ್ಲೇ ಕಳೆದುಹೋಗಿದೆಯೆಂದು ಕಾನೂನು ಭಾವಿಸುತ್ತದೆ. ವಾಹನ ಗ್ಯಾರೇಜಿನಲ್ಲಿ ನಿಂತಿದ್ದ ತಿಂಗಳಿಗೂ, ಒಡೆತನವಿದ್ದ ಕಾರಣಕ್ಕೇ, ಆದಾಯ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮೇಲಿನ 65,000 ರೂಪಾಯಿಯಲ್ಲಿ ಒಂದು ಪೈಸೆಗೂ ತೆರಿಗೆಯ ಆಸರೆಯಿಲ್ಲ. ಅಷ್ಟೂ ಕುಟುಂಬದ ಕೈಯಿಂದಲೇ ಹೋಗಬೇಕು. ಎಂಜಿನ್ ಉಳಿಸಿಕೊಂಡವನು ಉಳಿಸಿದ ಪ್ರತಿ ರೂಪಾಯಿಯೂ ಪೂರ್ಣವಾಗಿ ಅವನದೇ ಆಗುತ್ತದೆ.

ಆಗಬೇಕಾದ ಕಾರ್ಯಗಳು

'ಅಜ್ಜನ ಕಾಲದಿಂದ ಬಾವಿನೀರನ್ನೇ ಹಾಕಿ ಓಡಿಸಿದ್ದೇವೆ' ಎಂಬ ಮಾತು ಸುಳ್ಳಲ್ಲ. ಆದರೆ ಅಜ್ಜನ ಕಾಲದ ಎಂಜಿನ್ ದಪ್ಪ ಬೀಡಿನದು, ಕಡಿಮೆ ಕಂಪ್ರೆಷನ್ನಿನದು, ಕಡಿಮೆ ವೇಗದ್ದು. ಇಂದಿನದು ಹಗುರ, ತೆಳು, ಹೆಚ್ಚು ಶಕ್ತಿಯದು. ಕಡಿಮೆ ಲೋಹದಿಂದ ಹೆಚ್ಚು ಶಾಖ ಹಾದುಹೋಗುತ್ತದೆ. ಅದು ನೀಡುವ ಮೈಲೇಜನ್ನು ಸ್ವೀಕರಿಸಿ, ಅದು ಕೇಳುವ ಆರೈಕೆಯನ್ನು ನಿರಾಕರಿಸುವಂತಿಲ್ಲ.

ವಾಣಿಜ್ಯ ಸಂಸ್ಥೆಗಳು ಸದಸ್ಯರ ಪರವಾಗಿ ಕೂಲೆಂಟ್ ಮತ್ತು ಖನಿಜಮುಕ್ತ ನೀರನ್ನು ಸಗಟಾಗಿ ಖರೀದಿಸಿ, ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಷ್ಟೇ ಅಲ್ಲದೆ ಹರವೆ, ತೆರಕಣಾಂಬಿ, ಬೇಗೂರುಗಳಂಥ ಹೋಬಳಿ ಕೇಂದ್ರಗಳಲ್ಲಿ ನ್ಯಾಯಬೆಲೆಗೆ ಒದಗಿಸುವುದು ಕಷ್ಟವಲ್ಲ. ಐ.ಟಿ.ಐ.ಗಳ ಸಹಕಾರದಿಂದ ಮೆಕ್ಯಾನಿಕ್ಕುಗಳಿಗೂ ಚಾಲಕರಿಗೂ ಒಂದು ದಿನದ ಶಿಬಿರ ನಡೆಸಬಹುದು. ರಿಕಂಡೀಷನಿಂಗ್ ಘಟಕಗಳು ಅಳತೆ ಬರೆದ ಬಿಲ್ಲು ಕೊಡುವಂತೆ ಒಮ್ಮತಕ್ಕೆ ಬರಬಹುದು. ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಹೂಡಿಕೆಗೆ ಯೋಚಿಸುವ ಸಣ್ಣ ಉದ್ಯಮಿಗಳಿಗೆ ರೇಡಿಯೇಟರ್ ದುರಸ್ತಿ, ಒತ್ತಡ ಪರೀಕ್ಷೆ ಮತ್ತು ಹೆಡ್ ಯಂತ್ರಕಾರ್ಯಗಳು ಸ್ಥಳೀಯ ಬೇಡಿಕೆಯುಳ್ಳ ಕ್ಷೇತ್ರವೇ ಸರಿ.

ಮಾಲೀಕರು ತಮ್ಮ ಮಟ್ಟದಲ್ಲಿ ಮಾಡಬೇಕಾದುದು ಇನ್ನೂ ಸರಳ. ಪ್ರತಿ ವಾಹನಕ್ಕೂ ಒಂದು ದಿನಚರಿ ಪುಸ್ತಕ ಇಟ್ಟು, ಕಿಲೋಮೀಟರ್ ಮತ್ತು ಇಂಧನದ ಜೊತೆಗೆ ನೀರಿನ ಮಟ್ಟ, ಸೇರಿಸಿದ ನೀರಿನ ಪ್ರಮಾಣ, ಕೂಲೆಂಟ್ ಬದಲಿಸಿದ ದಿನಾಂಕ ಇವನ್ನು ಬರೆಸಬೇಕು. ವಾರಕ್ಕೆ ಅರ್ಧ ಲೀಟರ್ ನೀರು ಕಡಿಮೆಯಾಗುತ್ತಿದೆಯೆಂಬ ಬರಹ ಮುಂದೆ ಬರಲಿರುವ 65,000 ರೂಪಾಯಿಯ ಬಿಲ್ಲಿನ ಮುನ್ಸೂಚನೆ. ಬಾಯಾರಿದಾಗ ಬಾವಿ ತೋಡುವ ಪದ್ಧತಿ ಘಾಟಿಯ ನಡುವೆ ಹೊಗೆಯಾಡುತ್ತ ನಿಂತ ವಾಹನಕ್ಕೆ ಉಪಯೋಗಕ್ಕೆ ಬಾರದು. ದಿನದ ವಹಿವಾಟನ್ನು ಅಂದೇ ಬರೆದಿಡುವ ಶಿಸ್ತು ಈ ಸೀಮೆಯ ವರ್ತಕರಿಗೆ ಹೊಸದಲ್ಲ. ಅದೇ ಶಿಸ್ತನ್ನು ರೇಡಿಯೇಟರಿಗೂ ವಿಸ್ತರಿಸಬೇಕಾದ ಕಾಲ ಬಂದಿದೆ.